ಕಾಯಲು ಕಲಿತ ಬಾಣ

ಪರದೆಯ ಮೇಲೆ ತಾನಾಗಿಯೇ ಓಡಾಡುತ್ತಿದ್ದ ಮೌಸಿನ ಬಾಣ ಹದಿನೇಳನೆಯ ರೋಗಿಯ ಹೆಸರು ತುಂಬಿಸಿ ಗಕ್ಕನೆ ನಿಂತುಬಿಟ್ಟಿತು. "ಹ್ಯಾಂಗ್ ಆಯ್ತಲ್ಲ ಮಾರಾಯ್ತಿ!" ಎಂದು ಸುಧಾಕರ ಕೈ ಚಾಚಿದರು. ಗುರುವಾಯನಕೆರೆಯ ಅವರ ಕಂಪ್ಯೂಟರ್ ಸೆಂಟರು ಆಸ್ಪತ್ರೆಯೊಂದಕ್ಕೆ ಮಾಡಿಕೊಟ್ಟ ಸಾಫ್ಟ್‌ವೇರಿನ ಬಟನ್‌ಗಳನ್ನೆಲ್ಲ ತಾನೇ ಒತ್ತಿ ಪರೀಕ್ಷಿಸುವ ಈ ಪ್ರೋಗ್ರಾಮು, ಬೆಳಗ್ಗೆ ಪಾಸಾದರೆ ಮಧ್ಯಾಹ್ನ ಫೇಲಾಗುತ್ತಿತ್ತು. ಇವತ್ತೂ ಕೈಕೊಟ್ಟರೆ ಅಳಿಸಿಹಾಕುವುದೇ ಎಂದು ಅವರು ಹೇಳಿಯಾಗಿತ್ತು.

"ಮುಟ್ಬೇಡಿ ಸರ್," ಅದನ್ನು ಬರೆದ ಜಸ್ನಾ ಅಡ್ಡ ಬಂದಳು. "ಅದು ಕಾಯ್ತಾ ಉಂಟು."

"ಎಷ್ಟು ಸೆಕೆಂಡು ಕೊಟ್ಟಿದ್ದಿ?"

"ಸೆಕೆಂಡು ಕೊಡ್ಲೇ ಇಲ್ಲ. ಮೊದಲು ಐದು ಕೊಟ್ಟೆ, ಹತ್ತು ಕೊಟ್ಟೆ. ಕಂಪ್ಯೂಟರ್ ಸ್ಲೋ ಆದ ದಿನ ಯಾವುದೂ ಸಾಕಾಗ್ಲಿಲ್ಲ, ಬಟನ್ ಬರುವ ಮೊದಲೇ ಒತ್ತಿ ಫೇಲಾಯ್ತು. ನಿನ್ನೆ ವೇಣೂರು ಬಸ್ಸಿಗೆ ಒಬ್ಬರು ಅಜ್ಜಿ ಹತ್ತುತ್ತಾ ಇದ್ರು. ಕಂಡಕ್ಟರ್ ವಾಚ್ ನೋಡ್ಲಿಲ್ಲ ಸರ್, ಅಜ್ಜಿಯ ಕೈ ನೋಡಿದ. ಅವರು ಕಂಬಿ ಹಿಡಿದ ಮೇಲೆಯೇ ಬಸ್ಸಿನ ಬದಿ ತಟ್ಟಿ, ಹೋಗುವ ಅಂತ 'ರೈಟ್ ಪೋಯಿ' ಅಂದ. ಇದಕ್ಕೂ ಅದನ್ನೇ ಕಲಿಸಿದೆ. ಸೇವ್ ಬಟನ್ ಬರುವವರೆಗೆ ನೋಡ್ತದೆ, ಬಂದ ಮೇಲೆ ಒತ್ತುತ್ತದೆ."

ಹಳೆಯ ಕಂಪ್ಯೂಟರು ಗುರುಗುಟ್ಟುತ್ತಲೇ ಇತ್ತು. ಇಪ್ಪತ್ತು ಸೆಕೆಂಡು ಕಳೆಯಿತು, ನಲವತ್ತು ಕಳೆಯಿತು. ಬಾಣ ಅಲುಗಲಿಲ್ಲ. ಕೈಯಿಲ್ಲದ, ಕಣ್ಣಿಲ್ಲದ ಒಂದು ಬಾಣದ ಗುರುತು ಅಷ್ಟು ತಾಳ್ಮೆಯಿಂದ ನಿಲ್ಲುವುದನ್ನು ಸುಧಾಕರ ಹಿಂದೆಂದೂ ನೋಡಿರಲಿಲ್ಲ. ಕೊನೆಗೆ ಮೂಲೆಯಲ್ಲಿ ಬೂದು ಬಣ್ಣದ ಬಟನ್ ಮೂಡಿತು. ಬಾಣ ಸರ್ರನೆ ಹೋಗಿ ಒತ್ತಿ, ಹದಿನೆಂಟನೆಯ ಹೆಸರು ತುಂಬಿಸತೊಡಗಿತು.

ಸುಧಾಕರರ ಚಾಚಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದೇ ಕೈಯಿಂದ ಮೇಜಿನ ಅಂಚನ್ನು ಮೆಲ್ಲನೆ ತಟ್ಟಿ, ಉಸಿರಿಗಿಂತ ಸಣ್ಣ ದನಿಯಲ್ಲಿ, "ರೈಟ್ ಪೋಯಿ" ಎಂದರು.