ಪಟ್ಟಿ ಬಿಚ್ಚುವ ಅಮಾವಾಸ್ಯೆ

ನೋವು ಮರೆಸುವ ಪಟ್ಟಿ ಬಂದ ಮೇಲೆ ಊರಿನಲ್ಲಿ ಯಾರೂ ನರಳುತ್ತಿರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಮಾತ್ರ ಮನೆಮಂದಿಯೆಲ್ಲ ಪಡಸಾಲೆಯಲ್ಲಿ ಕೂತು ಪಟ್ಟಿ ಬಿಚ್ಚಬೇಕು. ಬಿಚ್ಚಿದ ಕ್ಷಣವೇ ನೋವು ಮರಳುತ್ತದೆ. ಜೋರಾಗಿ ನೋಯುವವರು ಅಂದೇ ದವಾಖಾನೆಗೆ ಹೋಗುತ್ತಾರೆ.

ಖಾನಾವಳಿಗೆ ರೊಟ್ಟಿ ಬಡಿಯುವ ಬಾಳವ್ವ ಮಾತ್ರ ಉಗಾದಿಯಿಂದಲೂ ಒಲೆಯ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಳು. ಮೊಣಕಾಲಿನ ಆ ನೋವನ್ನು ಮತ್ತೊಮ್ಮೆ ಕಾಣುವ ಧೈರ್ಯ ಅವಳಿಗಿರಲಿಲ್ಲ.

ಇವತ್ತು ಸೊಸೆ ಸುನಂದಾ ಅಡುಗೆಮನೆಯ ಬಾಗಿಲಿಗೇ ಅಡ್ಡ ಕೂತಳು.

"ಅತ್ತಿ, ಮೊಣಕಾಲು ಬಾತೈತಿ. ಪಟ್ಟಿ ಬಿಚ್ರಿ."

"ಒಲಿ ಹಚ್ಚಬೇಕವ್ವಾ. ಮುಂದಿನ ಅಮಾಸಿಗೆ ಬಿಚ್ಚತೀನಿ."

ಸುನಂದಾ ಪಟ್ಟಿಯ ಮೇಲೆ ಅಂಗೈ ಇಟ್ಟು, ಕಾದ ಹಂಚು ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಅತ್ತೆಯನ್ನು ಕೇಳಲಿಲ್ಲ. ತಾನೇ ಗಂಟು ಸಡಿಲಿಸತೊಡಗಿದಳು.

ಬಾಳವ್ವ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಗಟ್ಟಿಯಾಗಿ ಕಣ್ಣು ಮುಚ್ಚಿದಳು.

ಪಟ್ಟಿ ಕಳಚಿತು. ಮೊಣಕಾಲು ಕೆಂಪೇರಿ ಊದಿತ್ತು. ಸುನಂದಾ ಮೊದಲು ಮೆಲ್ಲಗೆ ಒತ್ತಿದಳು. ಅತ್ತೆ ಅಲುಗದಿದ್ದಾಗ ಹೆಬ್ಬೆರಳು ಊರಿ ಬಲವಾಗಿ ಒತ್ತಿದಳು. ಚರ್ಮದಲ್ಲಿ ಕುಳಿ ಬಿತ್ತು.

ಬಾಳವ್ವ ಕಣ್ಣು ತೆರೆಯದೆಯೇ ಸೆರಗನ್ನು ಬಾಯಿಂದ ತೆಗೆದಳು.

"ಯಾಕ ಸುಮ್ಮನ ಕುಂತಿ ಸುನಂದಾ? ಬಿಚ್ಚು ಲಗೂನ."