ಸೌಟಿನವನನ್ನು ನಂಬಬೇಡಿ

ಶನಿವಾರ ಬೆಳಿಗ್ಗೆ ಹನ್ನೊಂದೂವರೆ. ಅಮೆರಿಕದ ಕೆನ್ಮೋರ್‌ನ ಬಾಡಿಗೆ ಭವನದಲ್ಲಿ ಕನ್ನಡ ಬಳಗದ ಯುಗಾದಿ ಊಟಕ್ಕೆ ಎಲೆ ಹಾಕುವ ಮೊದಲು ಗೋಡೆಗೆ ಒಂದು ಪೋಸ್ಟರ್ ಏರಿತು. ಬರೆದವಳು ಬಳಗದ ಹುಡುಗಿ ಯಾಮಿನಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸರ್ಕಾರ ಜನರಿಗೆ ಹೇಳುತ್ತಿತ್ತು: ತಟ್ಟೆ ಖಾಲಿ ಮಾಡಿ, ಕರಿದುಳಿದ ಕೊಬ್ಬನ್ನು ಚೆಲ್ಲದೆ ಕೊಡಿ, ಅದರಿಂದ ಸಿಡಿಮದ್ದು ತಯಾರಾಗುತ್ತದೆ. ಅಂಥ ಪೋಸ್ಟರ್‌ಗಳ ಪ್ರದರ್ಶನವನ್ನು ನೋಡಿ ಬಂದ ವಾರವೇ ಅವಳು ಕುಂಚ ಹಿಡಿದಿದ್ದಳು. ಕೆಂಪು ಹಿನ್ನೆಲೆ. ದಪ್ಪ ಮೀಸೆಯ ಆಸಾಮಿ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಸೌಟು. ಕೆಳಗೆ: ‘ಸೌಟಿನವನನ್ನು ನಂಬಬೇಡಿ! ಎಲೆಯಲ್ಲಿ ಬಿಟ್ಟ ತುತ್ತು ಶತ್ರುವಿನ ಪಾಲು!’

“ಮೀಸೆ ನಂದೇ ಅಲ್ವೇನಮ್ಮಾ?” ಎಂದರು ಶ್ರೀಪತಿ. ಅವರು ವಿಮಾನ ಕಾರ್ಖಾನೆಯ ನಿವೃತ್ತ ಎಂಜಿನಿಯರ್. ಬಳಗ ಶುರುವಾದಾಗಿನಿಂದ ಬಡಿಸುವವರು ಅವರೇ. ಅವರ ಪಂಕ್ತಿಯಲ್ಲಿ ಕೂತವರು ಎರಡನೇ ಒಬ್ಬಟ್ಟಿಲ್ಲದೆ ಎದ್ದದ್ದಿಲ್ಲ.

“ಅದು ಜನರಲ್ ಮೀಸೆ, ಅಂಕಲ್.”

“ಮೂಗೂ ಜನರಲ್ಲಾ?”

ಅಡುಗೆಯ ಹೊಣೆ ಹೊತ್ತಿದ್ದ ಕೌಸಲ್ಯಾ ನಗಲಿಲ್ಲ. ಹೋದ ಯುಗಾದಿಗೆ ಎಲೆಗಳಲ್ಲಿ ಉಳಿದ ಊಟ ಕಸದ ಡಬ್ಬಿಗಳಿಂದ ಉಕ್ಕಿ, ರಾತ್ರಿ ಕಸ ಕೆದಕುವ ರಕೂನ್ ಪ್ರಾಣಿಗಳು ಅದನ್ನು ಪಾರ್ಕಿಂಗ್ ತುಂಬ ಎಳೆದಾಡಿದ್ದವು. ಈ ಸಲ ಎರಡು ಡಬ್ಬಿ ಮೀರಿದರೆ ಇನ್ನು ಅಡುಗೆಮನೆ ಕೊಡುವುದಿಲ್ಲ ಎಂದು ಭವನದ ಮ್ಯಾನೇಜರ್ ಗ್ರೆಗ್ ಹೇಳಿದ್ದ. ಮೂರು ಗಂಟೆಗೆ ಅವನೇ ಬಂದು ನೋಡುವವನಿದ್ದ.

“ಅಂಕಲ್, ಇವತ್ತೊಂದು ದಿನ. ಸಾಕು ಅಂದ್ರೆ ಸಾಕು. ಬಲವಂತ ಇಲ್ಲ, ಆಣೆ ಇಲ್ಲ, ‘ನನ್ನ ಕೈಯಾರೆ ಒಂದೇ ಒಂದು’ ಇಲ್ಲ. ಈ ಕಿಚನ್ ಹೋದ್ರೆ ದೀಪಾವಳಿಗೆ ಡಬ್ಬದ ಪಲಾವೇ ಗತಿ.”

ಶ್ರೀಪತಿ ಸೌಟಿನಿಂದಲೇ ಸೆಲ್ಯೂಟ್ ಹೊಡೆದರು.

ಎರಡು ಪಂಕ್ತಿ ಮುಗಿಯಿತು. ಶ್ರೀಪತಿ ಒಂದೇ ಸಲ ಕೇಳಿದರು. ಎಲೆಯ ಮೇಲೆ ಕೈ ಅಡ್ಡ ಬಂದರೆ ಮುಂದೆ ಹೋದರು. ಯುದ್ಧದ ಹುರುಪು ಎಲ್ಲರಿಗೂ ಹಿಡಿದಿತ್ತು. ಒರೆಸಿದಂತಿದ್ದ ಎಲೆಗಳನ್ನು ಎತ್ತಿ ತೋರಿಸಿ ಫೋಟೋ ತೆಗೆಸಿಕೊಂಡರು. ಹುಡುಗರಲ್ಲೊಬ್ಬನಾದ ಅಭಿನವ್ ಕಸದ ಡಬ್ಬಿಯ ಪಕ್ಕ ನಿಂತು ಕ್ರಿಕೆಟ್ ಕಾಮೆಂಟರಿಯ ಧಾಟಿಯಲ್ಲಿ, “ಒಂದು ಡಬ್ಬಿನೂ ತುಂಬಿಲ್ಲ! ಶತ್ರು ಉಪವಾಸ!” ಎಂದು ಕೂಗಿದ. ಚಪ್ಪಾಳೆ ಬಿತ್ತು. ಕೌಸಲ್ಯಾ ಯಾಮಿನಿಯನ್ನು ತಬ್ಬಿಕೊಂಡರು.

“ಕೌಸಲ್ಯಾ, ಇಲ್ಲಿ ಬಾಮ್ಮಾ.” ಅಡುಗೆಮನೆಯಿಂದ ಶ್ರೀಪತಿ ಕರೆದರು. ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದರು. ಮಾವಿನಕಾಯಿ ಚಿತ್ರಾನ್ನ ಒಂದು ಮೂಲೆಯಲ್ಲಷ್ಟೇ ಕರಗಿತ್ತು. ಹುಳಿ ಕಂಠದವರೆಗಿತ್ತು. ಒಬ್ಬಟ್ಟು ಅರ್ಧಕ್ಕರ್ಧ ಹಾಗೇ ಇದ್ದವು.

“ಅಯ್ಯೋ! ಅಳತೆ ತಪ್ಪಿತಾ?”

“ಅಳತೆ ಸರಿಯಿದೆ. ಜನ ತಿಂದಿಲ್ಲ.”

“ಕಟ್ಟಿ ಕಳಿಸೋಣ, ಡಬ್ಬ ಎಲ್ಲಿ?”

“ಪ್ಲಾಸ್ಟಿಕ್ ವೇಸ್ಟ್ ಅಂತ ಈ ಸಲ ತರಲೇ ಇಲ್ಲ, ಆಂಟಿ,” ಎಂದಳು ಯಾಮಿನಿ. ಪಾತ್ರೆಗಳು ಭವನದವು, ಮೂರಕ್ಕೆ ಖಾಲಿ ಮಾಡಿ ಒಪ್ಪಿಸಬೇಕು. ಇದಿಷ್ಟನ್ನೂ ಸುರಿದರೆ ಹೋದ ವರ್ಷದ ಕಸವನ್ನೂ ಮೀರುತ್ತಿತ್ತು.

ಕೌಸಲ್ಯಾ ಪಾರ್ಕಿಂಗಿಗೆ ಓಡಿದರು. ಕೆಲವು ಕಾರುಗಳು ಆಗಲೇ ಹಿಂದಕ್ಕೆ ಸರಿಯುತ್ತಿದ್ದವು. ಮೊದಲನೇ ಕಾರಿನಲ್ಲಿ, ಮೈಸೂರಿನಿಂದ ಹೊಸದಾಗಿ ಬಂದಿದ್ದ ಸಾಫ್ಟ್‌ವೇರ್ ಮ್ಯಾನೇಜರ್ ನಂಜುಂಡಸ್ವಾಮಿ, ಮಗಳ ಚಿಪ್ಸ್ ಪ್ಯಾಕೆಟ್ಟಿಗೆ ಕೈ ಹಾಕಿ ಕೂತಿದ್ದರು.

“ಸಾರ್! ಈಗ ತಾನೇ ಊಟ ಆಯ್ತಲ್ಲ?”

ಅವರು ಪ್ಯಾಕೆಟ್ಟನ್ನು ಮಡಿಲಿಗೆ ಜಾರಿಸಿದರು. “ಆಯ್ತು ಮೇಡಂ. ಚೆನ್ನಾಗಿತ್ತು.”

“ಒಬ್ಬಟ್ಟು ಬೇಡ ಅಂದ್ರಂತೆ?”

“ಮೊದಲ್ನೇ ಸಲ ಬೇಡ ಅನ್ನದೆ ಇನ್ನೇನನ್ನೋದು ಮೇಡಂ? ಹೊಸ ಜಾಗ. ಇನ್ನೊಂದ್ಸಲ ಕೇಳ್ತಾರೆ ಅಂತಿದ್ದೆ. ಅವರು ಹೊರಟೇ ಹೋದ್ರು!”

ಕೌಸಲ್ಯಾ ಗೇಟಿಗೆ ಅಡ್ಡ ನಿಂತು ಎರಡೂ ಕೈ ಚಾಚಿದರು. “ಯಾರೂ ಹೋಗ್ಬೇಡಿ! ಇನ್ನೊಂದು ಪಂಕ್ತಿ ಇದೆ! ತಿಂದವರೂ ಬನ್ನಿ!” ಕಾರುಗಳ ಬಾಗಿಲು ತೆರೆದುಕೊಂಡವು. ಯಾರೂ ಎರಡನೇ ಸಲ ಕರೆಸಿಕೊಳ್ಳಲಿಲ್ಲ.

“ಅಂಕಲ್, ಸೌಟು ತಗೊಳ್ಳಿ. ಬಲವಂತ ಮಾಡಿ,” ಎಂದರು ಕೌಸಲ್ಯಾ ಒಳಗೆ ಬಂದು.

“ಆಣೆ?”

“ಇಡಿ!”

“ಆ ಮೀಸೆಯವನು?” ಎಂದು ಶ್ರೀಪತಿ ಗೋಡೆ ತೋರಿಸಿದರು. ಯಾಮಿನಿ ಆಗಲೇ ಕುರ್ಚಿ ಹತ್ತಿ ಪೋಸ್ಟರಿನ ಟೇಪು ಕೀಳುತ್ತಿದ್ದಳು.

ಮುಂದಿನ ಮುಕ್ಕಾಲು ಗಂಟೆ ಭವನದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. “ನನ್ನ ಮೇಲಾಣೆ!” “ಬೇಡ ಅಂಕಲ್!” “ಬೇಡ ಅನ್ನೋ ಬಾಯಿ ನೋಡ್ರೀ, ತುಪ್ಪ ಬೇಕು ಅಂತಿದೆ!” ನಂಜುಂಡಸ್ವಾಮಿ ಮೂರು ಸಲ ಬೇಡವೆಂದು ನಾಲ್ಕು ಒಬ್ಬಟ್ಟು ತಿಂದರು. ಹುಳಿಯ ತಳವನ್ನು ಸೌಟು ಕೆರೆದ ಸದ್ದು ಕೇಳಿದಾಗ ಅಭಿನವ್ ಸೀಟಿ ಹೊಡೆದ.

ಮೂರಕ್ಕೆ ಗ್ರೆಗ್ ಬಂದ. ಪಾತ್ರೆಗಳ ಒಳಗೆ ಇಣುಕಿದ, ಡಬ್ಬಿ ನೋಡಿದ. ತುಂಬಿದ್ದು ಒಂದು, ಇನ್ನೊಂದು ಅರ್ಧ. ದೀಪಾವಳಿಗೂ ಅಡುಗೆಮನೆ ನಿಮ್ಮದೇ ಎಂದ. ಶ್ರೀಪತಿ ಅವನ ಭುಜ ಹಿಡಿದು ಪಂಕ್ತಿಯ ಕೊನೆಗೆ ಕೂರಿಸಿದರು. ‘ನೋ, ಥ್ಯಾಂಕ್ಸ್’ ಎಂದು ಅವನು ಎರಡು ಸಲ ಹೇಳಿದ. ಉಳಿದಿದ್ದ ಕೊನೆಯ ಎರಡು ಒಬ್ಬಟ್ಟುಗಳನ್ನು ಶ್ರೀಪತಿ ಬಡಿಸಿದರು.

ಗ್ರೆಗ್ ಒಂದನ್ನು ತಿಂದ. ಇನ್ನೊಂದನ್ನು ಎಲೆಸಮೇತ ಮಡಿಸಿ ಡಬ್ಬಿಗೆ ಹಾಕಿದ. ಆ ಪಂಕ್ತಿಯಲ್ಲಿ ಏನಾದರೂ ಉಳಿದಿದ್ದ ಎಲೆ ಅದೊಂದೇ.