ಮೇಣದ ಕಥೆ

ಪ್ರತಿಮೆಯ ಎಡಗಿವಿಯಿಂದ ಗದ್ದದವರೆಗೆ ಕೂದಲೆಳೆಯಂಥ ಬಿರುಕು ಕಂಡಿತು. ಶಿಲ್ಪಿ ಉಳಿ ಕೆಳಗಿಟ್ಟಳು. ಮೂರು ತಿಂಗಳ ಕೆಲಸ. ಸಂಜೆ ಆಸ್ಪತ್ರೆಯವರು ಬಂದು ಒಯ್ಯಬೇಕು. ನಲವತ್ತು ವರ್ಷ ಅಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮನ ಮುಖ ಅದು. ಬಿರುಕಿನ ಕಲ್ಲನ್ನು ಅವರು ಬೇಡವೆಂದರೆ ಮೂರು ತಿಂಗಳೂ ನೀರಲ್ಲಿ ಹೋಮ. ಅಣ್ಣ ಆಗಲೇ ಒಲೆಯ ಮೇಲೆ ಮೇಣ ಕರಗಲು ಇಟ್ಟಿದ್ದ.

“ಕಲ್ಲಿನ ಪುಡಿ ಬೆರೆಸಿ ತೀಡಿಬಿಡ್ತೀನಿ. ಕೆತ್ತಿದ ನಿನಗೇ ಗೊತ್ತಾಗಲ್ಲ.”

“ಬೇಡಣ್ಣ. ನಾನು ಮೇಣ ಮುಟ್ಟಲ್ಲ.”

“ಗೊತ್ತು ಮಹಾತಾಯಿ! ನಿನ್ನ ಇಂಗ್ಲಿಷ್ ಮೇಷ್ಟ್ರ ಕಥೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.”

‘ಸಿನ್ಸಿಯರ್’ ಎಂಬ ಪದದ ಕಥೆ ಅದು. ಹಿಂದೆ ರೋಮಿನ ಕೆಲವು ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ಮೆತ್ತಿ ಮಾರುತ್ತಿದ್ದರಂತೆ. ಪ್ರಾಮಾಣಿಕರು ಮಾತ್ರ ‘ಸಿನೆ ಸೆರಾ’, ಅಂದರೆ ಲ್ಯಾಟಿನ್‌ನಲ್ಲಿ ‘ಮೇಣವಿಲ್ಲದ್ದು’, ಎಂದು ಎದೆತಟ್ಟಿ ಹೇಳುತ್ತಿದ್ದರಂತೆ. ಪದ ಹುಟ್ಟಿದ್ದೇ ಅಲ್ಲಿಂದಂತೆ. ಎಂಟನೇ ತರಗತಿಯಲ್ಲಿ ಇದನ್ನು ಕೇಳಿದ ದಿನವೇ ಅವಳು ಉಳಿ ಹಿಡಿಯುವುದೆಂದು ನಿಶ್ಚಯಿಸಿದ್ದಳು.

ಮೇಷ್ಟ್ರಿಗೆ ನೂರು ವರ್ಷ ಆಯಸ್ಸು. ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರು, ಬೆವರು ಸುರಿಸುತ್ತ, ಕಂಕುಳಲ್ಲಿ ಇಟ್ಟಿಗೆಗಾತ್ರದ ನಿಘಂಟು ಇಟ್ಟುಕೊಂಡು.

“ಬನ್ನಿ ಸರ್, ಕೂತ್ಕೊಳ್ಳಿ.”

“ಮೊದಲು ಹೇಳಿಬಿಡ್ತೀನಿ ಮಗಳೇ, ಆಮೇಲೆ ಕೂರ್ತೀನಿ. ನಿಮಗೆಲ್ಲ ನಾನು ತಪ್ಪು ಪಾಠ ಮಾಡಿದ್ದೆ. ಆ ಮೇಣದ ಕಥೆಗೆ ಆಧಾರಾನೇ ಇಲ್ಲ. ಪದ ಲ್ಯಾಟಿನ್‌ನಿಂದ ಬಂದಿದೆ ನಿಜ. ಆದರೆ ಶುದ್ಧ, ಕಲಬೆರಕೆ ಇಲ್ಲದ್ದು ಅಂತಷ್ಟೇ ಅರ್ಥ. ಮೇಣಾನೂ ಇಲ್ಲ, ಶಿಲ್ಪೀನೂ ಇಲ್ಲ. ಮೊನ್ನೆ ಇದರಲ್ಲಿ ನೋಡಿದೆ. ವಿಳಾಸ ಗೊತ್ತಿರೋ ಹಳೇ ವಿದ್ಯಾರ್ಥಿಗಳ ಹತ್ರ ಎಲ್ಲ ಹೋಗಿ ಹೇಳ್ತಿದ್ದೀನಿ. ನೀನು ಏಳನೆಯವಳು.”

ಅಣ್ಣನ ಮುಖ ಅರಳಿತು. “ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! ಕೇಳಿದ್ಯಾ? ಇನ್ನು ಮೇಣ ಹಚ್ಚೋಕೆ ಯಾವ ಅಡ್ಡಿ?”

ಮೇಷ್ಟ್ರು ಆಗ ಒಲೆ ನೋಡಿದರು, ಬಿರುಕು ನೋಡಿದರು. ನಾಲಿಗೆ ಕಚ್ಚಿಕೊಂಡರು. ಶಿಲ್ಪಿಗೂ ಒಂದು ಕ್ಷಣ ಕಾಲಡಿಯ ನೆಲ ಸರಿದಂತಾಯಿತು. ಇಷ್ಟು ವರ್ಷ ನಂಬಿ ಬದುಕಿದ್ದು ಒಂದು ಕಟ್ಟುಕಥೆಯನ್ನೇ? ಆಮೇಲೆ ಅವಳಿಗೆ ನಗು ಬಂತು, ಹೊಟ್ಟೆತುಂಬ.

“ಸರ್, ಇದುವರೆಗೆ ಈ ತಪ್ಪು ಯಾರಾದ್ರೂ ಕಂಡುಹಿಡಿದಿದ್ರಾ?”

“ಇಲ್ಲ.”

“ನೀವು ಸುಮ್ನಿದ್ದಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ?”

“ಹೇಗೆ ಗೊತ್ತಾಗುತ್ತೆ?”

“ಮತ್ತೆ ಈ ಸುಡುಬಿಸಿಲಲ್ಲಿ ಅಷ್ಟು ದಪ್ಪ ಪುಸ್ತಕ ಹೊತ್ಕೊಂಡು ಏಳು ಮನೆ ಯಾಕೆ ಸುತ್ತಿದ್ರಿ?”

ಅಣ್ಣ ಕೈಚಾಚಿ ಒಲೆ ಆರಿಸಿದ. ಶಿಲ್ಪಿ ಕೆಂಪು ಪೆನ್ಸಿಲ್ ತೆಗೆದುಕೊಂಡು, ಸಂಜೆ ಬರುವವರಿಗೆ ಬಾಗಿಲಿನಿಂದಲೇ ಕಾಣುವಂತೆ, ನರ್ಸಮ್ಮನ ಕಿವಿಯಿಂದ ಗದ್ದದವರೆಗೆ ಬಿರುಕಿನ ಗುಂಟ ದಪ್ಪವಾಗಿ ಗೆರೆ ಎಳೆದಳು.